ಬೇರೆ ದೇಶದಲ್ಲಿ ಊಟಕ್ಕೆ ಕೂರುವ ಮುಂಚೆ: ಹೊತ್ತಿನಿಂದ ಹಿಡಿದು ಬಿಲ್‌ವರೆಗೆ

ಬೇರೆ ದೇಶಕ್ಕೆ ಹೊರಟವರು ಅಲ್ಲಿ ತಿನ್ನಲು ಏನು ಸಿಗುತ್ತದೆ ಅಂತ ಬೇಕಾದಷ್ಟು ಹುಡುಕುತ್ತಾರೆ. ಅಲ್ಲಿಯವರು ಯಾವಾಗ ತಿನ್ನುತ್ತಾರೆ, ಹೇಗೆ ತಿನ್ನುತ್ತಾರೆ, ಬೇಡ ಅನ್ನಬೇಕಾದರೆ ಏನು ಮಾಡುತ್ತಾರೆ ಅಂತ ನೋಡುವವರು ಕಡಿಮೆ. ಪೇಚಿಗೆ ಸಿಕ್ಕಿಕೊಳ್ಳುವುದು ಮಾತ್ರ ಇಲ್ಲೇ. ಕೇಳದೇ ಬಂದ ಬ್ರೆಡ್ಡಿಗೆ ಬಿಲ್ಲಿನಲ್ಲಿ ದುಡ್ಡು ಹಾಕಿರುತ್ತಾರೆ. ಸಂಜೆ ನಾಲ್ಕಕ್ಕೆ ಹಸಿವಾದರೆ ಅಡುಗೆಮನೆ ಮುಚ್ಚಿರುತ್ತದೆ. ಸಾಕು ಸಾಕು ಅಂದರೂ ಲೋಟ ತುಂಬುತ್ತಲೇ ಇರುತ್ತದೆ.

ಹಾಗಂತ ಪ್ರತಿ ದೇಶದ ಪದ್ಧತಿಯನ್ನೂ ಬಾಯಿಪಾಠ ಮಾಡಬೇಕಿಲ್ಲ. ವ್ಯತ್ಯಾಸ ಬರುವ ಜಾಗಗಳು ಎಲ್ಲ ಕಡೆ ಹೆಚ್ಚೂಕಮ್ಮಿ ಅವೇ: ಊಟದ ಹೊತ್ತು, ಕೂರುವ ರೀತಿ, ಕೇಳದೇ ಬರುವ ಪದಾರ್ಥ, ಕೈ ಮತ್ತು ಚಮಚ, ಕುಡಿಯುವ ಪದ್ಧತಿ, ಸಾಕು ಅನ್ನುವ ಬಗೆ, ದುಡ್ಡು. ನೀವು ಹೋಗುವ ದೇಶದಲ್ಲಿ ಇಷ್ಟು ಹೇಗೆ ಅಂತ ತಿಳಿದುಕೊಂಡರೆ ಆಯಿತು. ಇವುಗಳಲ್ಲಿ ಅತಿ ಮುಖ್ಯವಾದದ್ದು ಸಾಕು ಅಂತ ತಿಳಿಸುವ ಬಗೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಚಮಚ ತಪ್ಪಾಗಿ ಹಿಡಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪ್ರೀತಿಯಿಂದ ಕೊಟ್ಟದ್ದನ್ನು ತಪ್ಪಾಗಿ ನಿರಾಕರಿಸಿದರೆ ಕೊಟ್ಟವರ ಮನಸ್ಸಿಗೆ ನೋವಾಗುತ್ತದೆ.

1. ಮೊದಲು ಹೊತ್ತು ನೋಡಿಕೊಳ್ಳಿ

ಫ್ರಾನ್ಸಿನಲ್ಲಿ ಮಧ್ಯಾಹ್ನದ ಊಟ ಸುಮಾರು 12ರಿಂದ 2ರ ಒಳಗೆ. ಆಮೇಲೆ ಎಷ್ಟೋ ಕಡೆ ಅಡುಗೆಮನೆ ಮುಚ್ಚಿ ಸಂಜೆ 7ರ ಸುಮಾರಿಗೆ ಮತ್ತೆ ತೆರೆಯುತ್ತದೆ. ಪಕ್ಕದ ಸ್ಪೇನಿನಲ್ಲಿ ಮಧ್ಯಾಹ್ನದ ಊಟವೇ 2 ಗಂಟೆ ಮೇಲೆ, ರಾತ್ರಿ ಊಟ 9ರ ನಂತರ. 7 ಗಂಟೆಗೆ ಹೋಗಿ ಕೂತರೆ ಹೋಟೆಲಿನಲ್ಲಿ ನೀವೊಬ್ಬರೇ ಇರುತ್ತೀರಿ, ಅಥವಾ ಬಾಗಿಲೇ ತೆಗೆದಿರುವುದಿಲ್ಲ. ಅಲ್ಲಿ ಹೊಟ್ಟೆ ತುಂಬಾ ತಿನ್ನುವುದು ಮಧ್ಯಾಹ್ನ. ವಾರದ ದಿನಗಳಲ್ಲಿ 'ಮೆನು ದೆಲ್ ದಿಯಾ' ಅಂತ ಒಂದೇ ಬೆಲೆಗೆ ಎರಡು ಬಗೆ ಊಟ, ಸಿಹಿ, ಕುಡಿಯಲು ಏನಾದರೂ ಕೊಡುತ್ತಾರೆ. ಜೇಬು ನೋಡಿಕೊಂಡು ಓಡಾಡುವವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಜರ್ಮನಿಯ ಎಷ್ಟೋ ಮನೆಗಳಲ್ಲಿ ಸಂಜೆ ಒಲೆಯನ್ನೇ ಹಚ್ಚುವುದಿಲ್ಲ, ಬ್ರೆಡ್ಡು, ಚೀಸು, ಉಪ್ಪಿನಲ್ಲಿ ಹಾಕಿಟ್ಟ ತರಕಾರಿ, ತಣ್ಣಗಿನ ಮಾಂಸದ ಬಿಲ್ಲೆಗಳು, ಅಷ್ಟೇ. ಅಂಥ ಮನೆಗೆ ಸಂಜೆ ಕರೆದರೆ ಬಿಸಿಬಿಸಿ ಊಟ ಇರುತ್ತದೆ ಅಂತ ಕಾಯಬೇಡಿ. ಅವರು ಕಡಿಮೆ ಮಾಡಿದರು ಅಂತಲೂ ಅಂದುಕೊಳ್ಳಬೇಡಿ.

ರಂಜಾನ್ ತಿಂಗಳಲ್ಲಿ ಮುಸ್ಲಿಂ ದೇಶಗಳಿಗೆ ಹೋಗುವುದಾದರೆ ಹಗಲು ಹೊತ್ತು ಹೊರಗೆ ನೀರು ಕುಡಿಯುವ ಮುಂಚೆಯೂ ಸುತ್ತ ನೋಡಿ. ಕೆಲವು ಕೊಲ್ಲಿ ದೇಶಗಳಲ್ಲಿ ಎಲ್ಲರ ಎದುರು ತಿನ್ನುವುದು ಕಾನೂನಿನ ಪ್ರಕಾರವೇ ತಪ್ಪು. ಸೂರ್ಯ ಮುಳುಗಿದ ಮೇಲೆ ಮಾತ್ರ ಅಲ್ಲಿಯ ಬೀದಿಗಳಷ್ಟು ಗೆಲುವಾದ ಜಾಗ ಬೇರೆ ಇರುವುದಿಲ್ಲ.

2. ಒಳಗೆ ಹೋದ ಕೂಡಲೇ ಕುಳಿತುಬಿಡಬೇಡಿ

ಬಾಗಿಲಲ್ಲಿ ಒಂದು ನಿಮಿಷ ನಿಂತು ಉಳಿದವರು ಏನು ಮಾಡುತ್ತಿದ್ದಾರೆ ನೋಡಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಯಾರೋ ಬಂದು ಜಾಗ ತೋರಿಸುವವರೆಗೆ ಕಾಯಬೇಕು. ಬ್ರಿಟನ್ನಿನ ಪಬ್‌ನಲ್ಲಿ ಕೂತು ಕಾದರೆ ಯಾರೂ ಬರುವುದಿಲ್ಲ, ನೀವೇ ಕೌಂಟರಿಗೆ ಹೋಗಿ ಹೇಳಬೇಕು. ಜರ್ಮನಿಯ ಬಿಯರ್ ತೋಟಗಳಲ್ಲಿ ಉದ್ದನೆಯ ಬೆಂಚುಗಳಿರುತ್ತವೆ, ಗುರುತಿಲ್ಲದವರ ಪಕ್ಕ 'ಇಲ್ಲಿ ಖಾಲಿ ಇದೆಯಾ' ಅಂತ ಕೇಳಿ ಕೂರಬಹುದು. ಅಲ್ಲಿಯ ಬವೇರಿಯಾ ರಾಜ್ಯದ ಹಳೆಯ ಪದ್ಧತಿಯ ತೋಟಗಳಲ್ಲಿ ಕುಡಿಯುವುದನ್ನು ಅಲ್ಲೇ ಕೊಂಡು, ತಿನ್ನುವುದನ್ನು ಮನೆಯಿಂದ ತಂದು ಬಿಚ್ಚಿಕೊಂಡರೂ ಯಾರೂ ಏನೂ ಅನ್ನುವುದಿಲ್ಲ. ಜಪಾನಿನ ಎಷ್ಟೋ ನೂಡಲ್ಸ್ ಅಂಗಡಿಗಳಲ್ಲಿ ಬಾಗಿಲ ಹತ್ತಿರವೇ ಒಂದು ಯಂತ್ರ ಇರುತ್ತದೆ. ಮೊದಲು ಅದಕ್ಕೆ ದುಡ್ಡು ಹಾಕಿ, ಬೇಕಾದ್ದನ್ನು ಒತ್ತಿ, ಚೀಟಿ ತೆಗೆದುಕೊಂಡು ಆಮೇಲೆ ಕೂರುವುದು.

ಇಟಲಿಯ ಕಾಫಿ ಅಂಗಡಿಯಲ್ಲಿ ಕೌಂಟರ್ ಬಳಿ ನಿಂತು ಕುಡಿದರೆ ಒಂದು ಬೆಲೆ, ಮೇಜಿನಲ್ಲಿ ಕೂತರೆ ಬೇರೆ ಬೆಲೆ. ದೊಡ್ಡ ಚೌಕಗಳಲ್ಲಿ ಈ ವ್ಯತ್ಯಾಸ ತುಂಬಾ ಜಾಸ್ತಿ. ಕೆಲವು ಕಡೆ ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಆ ರಸೀದಿಯನ್ನು ಕಾಫಿ ಮಾಡುವವರಿಗೆ ತೋರಿಸಬೇಕು. ಸಿಂಗಾಪುರದ ಹಾಕರ್ ಸೆಂಟರ್‌ಗಳಲ್ಲಿ, ಅಂದರೆ ಒಂದೇ ಸೂರಿನಡಿ ಸಾಲು ತಿಂಡಿ ಅಂಗಡಿಗಳಿರುವ ಜಾಗಗಳಲ್ಲಿ, ಖಾಲಿ ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ ಬಿದ್ದಿದ್ದರೆ ಯಾರೋ ಮರೆತು ಹೋಗಿದ್ದಾರೆ ಅಂತಲ್ಲ, ಆ ಜಾಗ ಹಿಡಿದಿಟ್ಟಿದ್ದಾರೆ ಅಂತ. ಅಲ್ಲಿ ತಿಂದಾದ ಮೇಲೆ ತಟ್ಟೆ ಟ್ರೇ ನೀವೇ ವಾಪಸ್ ಇಡಬೇಕು. 2021ರಿಂದ ಅದು ಬರೀ ಮರ್ಯಾದೆಯ ಮಾತಲ್ಲ, ನಿಯಮ.

ಫ್ರಾನ್ಸಿನಲ್ಲಿ ಒಂದೇ ಒಂದು ವಿಷಯ ನೆನಪಿಡಿ. ಒಳಗೆ ಕಾಲಿಟ್ಟ ಕೂಡಲೇ 'ಬೋಂಜೂರ್', ಅಂದರೆ ನಮಸ್ಕಾರ, ಅನ್ನಿ. ಅದನ್ನು ಬಿಟ್ಟು ನೇರವಾಗಿ ಏನು ಬೇಕು ಅಂತ ಶುರು ಮಾಡಿದರೆ ಒರಟು ಅಂದುಕೊಳ್ಳುತ್ತಾರೆ.

3. ಏನು ತಿನ್ನುವುದಿಲ್ಲ ಅನ್ನುವುದನ್ನು ಬಿಡಿಸಿ ಹೇಳಿ

'ಸಸ್ಯಾಹಾರಿ' ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ಆ ಮಾತಿಗೆ ದೇಶಕ್ಕೊಂದು ಲೆಕ್ಕ. ಜಪಾನಿನಲ್ಲಿ ಬರೀ ತರಕಾರಿ ಕಾಣುವ ಸಾರಿನ ತಳದಲ್ಲೂ ಹೆಚ್ಚಾಗಿ ಒಣಮೀನಿನ 'ದಾಶಿ' ಇರುತ್ತದೆ. ಥಾಯ್ಲೆಂಡ್, ವಿಯೆಟ್ನಾಂಗಳಲ್ಲಿ ಮೀನಿನ ಸಾಸ್ ಉಪ್ಪಿನ ಜಾಗದಲ್ಲೇ ಬೀಳುತ್ತದೆ. ಮೆಕ್ಸಿಕೋದಲ್ಲಿ ಅರೆದು ಹುರಿದ ಬೀನ್ಸ್‌ಗೆ ಹಂದಿಯ ಕೊಬ್ಬು ಹಾಕಿರಬಹುದು. ಇಟಲಿಯ ಪಾರ್ಮಿಜಾನೋ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಹಾಗಾಗಿ ಮಾಂಸ ಬೇಡ, ಮೀನು ಬೇಡ, ಮೀನಿನ ಸಾಸ್ ಬೇಡ, ಮಾಂಸದ ಸಾರು ಬೇಡ ಅಂತ ಒಂದೊಂದಾಗಿ ಅಲ್ಲಿಯ ಭಾಷೆಯಲ್ಲಿ ಬರೆದ ಚೀಟಿ ಇಟ್ಟುಕೊಳ್ಳಿ. ಮದ್ಯ ಮುಟ್ಟದವರೂ ಜಪಾನಿನಲ್ಲಿ ಕೇಳಬೇಕು, ಅಲ್ಲಿ ಅಡುಗೆಗೇ ಸಾಕೆ, ಮಿರಿನ್ ಹಾಕುತ್ತಾರೆ.

ಇದಕ್ಕೆ ಎದುರಾಗಿ ಸುಲಭವಾದ ದಾರಿಗಳೂ ಇವೆ. ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅದು 'ಜೇ' ಊಟ, ಅದರಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಇರುವುದಿಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇರುವುದಿಲ್ಲ. ಇಥಿಯೋಪಿಯಾದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರ ಉಪವಾಸದ ಅಡುಗೆ ಮಾಡುತ್ತಾರೆ. ಆ ದಿನ ಬೇಳೆ, ಕಡಲೆ, ಸೊಪ್ಪು, ಎಲೆಕೋಸಿನ ಪಲ್ಯಗಳು ದೋಸೆಯಂಥ ಅಗಲವಾದ ರೊಟ್ಟಿ 'ಇಂಜೆರಾ' ಮೇಲೆ ಸಾಲಾಗಿ ಬರುತ್ತವೆ. ಅದೊಂದು ಹಬ್ಬದೂಟವೇ ಸರಿ.

4. ಕೇಳದೇ ಬಂದದ್ದನ್ನು ಮುಟ್ಟುವ ಮುಂಚೆ

ಪೋರ್ಚುಗಲ್‌ನಲ್ಲಿ ಕೂತ ತಕ್ಷಣ ಬ್ರೆಡ್ಡು, ಆಲಿವ್, ಚೀಸು ತಂದಿಡುತ್ತಾರೆ. ತಿಂದರೆ ದುಡ್ಡು, ಮುಟ್ಟದಿದ್ದರೆ ಇಲ್ಲ. ಬೇಡವಾದರೆ ಆಗಲೇ ವಾಪಸ್ ಕೊಡಿ, ಅದು ಅಲ್ಲಿ ಮಾಮೂಲು. ಇಟಲಿಯಲ್ಲಿ 'ಕೊಪೆರ್ತೊ' ಅಂತ ತಲೆಗೆ ಇಷ್ಟು ಅಂತ ಬಿಲ್ಲಿಗೆ ಸೇರುತ್ತದೆ, ಬ್ರೆಡ್ಡು ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ಜಪಾನಿನ ಇಜಾಕಾಯಾಗಳಲ್ಲಿ, ಅಂದರೆ ಕುಡಿಯುತ್ತಾ ತಿನ್ನುವ ಹೋಟೆಲುಗಳಲ್ಲಿ, ಪುಟ್ಟ ಬಟ್ಟಲಲ್ಲಿ 'ಒತೋಶಿ' ಅನ್ನುವ ತಿನಿಸು ಬರುತ್ತದೆ, ಅದು ಒಂಥರಾ ಜಾಗದ ಬಾಡಿಗೆ. ಕೊರಿಯಾದಲ್ಲಿ ಪೂರ್ತಿ ಉಲ್ಟಾ. ಕಿಮ್ಚಿ, ಮೊಳಕೆಕಾಳು, ಸೊಪ್ಪು ಅಂತ ಮೇಜು ತುಂಬಾ ಬರುವ 'ಬಾನ್‌ಚಾನ್' ಬಟ್ಟಲುಗಳಿಗೆ ಬೇರೆ ದುಡ್ಡಿಲ್ಲ, ಖಾಲಿಯಾದರೆ ಮತ್ತೆ ಕೇಳಬಹುದು.

ನೀರಿನದೂ ಹೀಗೇ. ಅಮೆರಿಕದಲ್ಲಿ ಐಸ್ ಹಾಕಿದ ನೀರು ಕೇಳದೆಯೇ, ಪುಕ್ಕಟೆ. ಫ್ರಾನ್ಸಿನಲ್ಲಿ ಸುಮ್ನೆ ನೀರು ಅಂದರೆ ಬಾಟಲಿ ಬರಬಹುದು, 'ಕರಾಫ್ ದೋ' ಅಂತ ಕೇಳಿದರೆ ನಲ್ಲಿ ನೀರಿನ ಹೂಜಿ ಪುಕ್ಕಟೆ ಕೊಡುತ್ತಾರೆ. ಜರ್ಮನಿಯಲ್ಲಿ ಸುಮ್ನೆ ನೀರು ಕೇಳಿದರೆ ಹೆಚ್ಚಾಗಿ ಗ್ಯಾಸ್ ತುಂಬಿದ ಬಾಟಲಿ ನೀರು ಬರುತ್ತದೆ, ಅದಕ್ಕೆ ದುಡ್ಡೂ ಕೊಡಬೇಕು. ಚೀನಾದಲ್ಲಿ ಬಿಸಿನೀರು ಕೊಟ್ಟರೆ ಆಶ್ಚರ್ಯಪಡಬೇಡಿ, ಅಲ್ಲಿ ಎಷ್ಟೋ ಜನ ಬೇಸಿಗೆಯಲ್ಲೂ ಅದನ್ನೇ ಕುಡಿಯುತ್ತಾರೆ.

5. ಕೈ, ಚಮಚ, ಕಡ್ಡಿ

ಇಲ್ಲಿ ಚಿಕ್ಕಪುಟ್ಟ ತಪ್ಪುಗಳಿಗೆ ಹೆದರಬೇಡಿ. ಆದರೆ ಎರಡು ಮಾತ್ರ ಬೇಡವೇ ಬೇಡ, ಎರಡೂ ಜಪಾನಿನವು. ಒಂದು, ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿ ನಿಲ್ಲಿಸುವುದು. ಸತ್ತವರಿಗೆ ಅನ್ನ ಇಡುವುದು ಹಾಗೆ. ಎರಡು, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸುವುದು. ಚಿತೆಯ ನಂತರ ಮನೆಯವರು ಮೂಳೆಗಳನ್ನು ಎತ್ತಿ ದಾಟಿಸುವುದು ಹಾಗೆ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರು ಎದುರಿಗೆ ಕೂತಿರಬಹುದು ಅಲ್ವಾ? ಯಾರಿಗಾದರೂ ಏನಾದರೂ ಕೊಡಬೇಕಾದರೆ ಅವರ ತಟ್ಟೆಯಲ್ಲಿ ಇಡಿ. ಚೀನಾದಲ್ಲೂ ಅನ್ನಕ್ಕೆ ಕಡ್ಡಿ ಚುಚ್ಚುವುದು ಅಪಶಕುನವೇ.

ಬಟ್ಟಲು ಎತ್ತಬೇಕೋ ಬೇಡವೋ ಅನ್ನುವುದು ಇನ್ನೊಂದು ಗೊಂದಲ. ಜಪಾನ್, ಚೀನಾಗಳಲ್ಲಿ ಅನ್ನದ ಬಟ್ಟಲನ್ನು ಕೈಯಲ್ಲಿ ಎತ್ತಿ ಹಿಡಿಯುತ್ತಾರೆ. ಕೊರಿಯಾದಲ್ಲಿ ಅದು ಮೇಜಿನ ಮೇಲೇ ಇರಬೇಕು, ಅನ್ನ ಮತ್ತು ಸಾರು ಚಮಚದಲ್ಲಿ, ಉಳಿದದ್ದು ಲೋಹದ ಕಡ್ಡಿಯಲ್ಲಿ. ಮೇಜಿನಲ್ಲಿ ಹಿರಿಯರಿದ್ದರೆ ಅವರು ಚಮಚ ಎತ್ತಿದ ಮೇಲೆ ನೀವು ಎತ್ತಿ. ಜಪಾನಿನಲ್ಲಿ ನೂಡಲ್ಸನ್ನು ಸೊರ್ ಅಂತ ಸದ್ದು ಮಾಡಿ ಎಳೆದುಕೊಂಡರೆ ತಪ್ಪಿಲ್ಲ, ಯುರೋಪಿನಲ್ಲಿ ಸೂಪಿಗೆ ಅದೇ ಸದ್ದು ಮಾಡಿದರೆ ತಿರುಗಿ ನೋಡುತ್ತಾರೆ.

ಥಾಯ್ಲೆಂಡಿನಲ್ಲಿ ಎಲ್ಲದಕ್ಕೂ ಚಾಪ್‌ಸ್ಟಿಕ್ ಕೇಳುವ ಪ್ರವಾಸಿಗರು ತುಂಬಾ. ಅಲ್ಲಿಯವರು ಅನ್ನದ ಊಟ ಮಾಡುವುದು ಚಮಚದಲ್ಲಿ. ಎಡಗೈಯ ಫೋರ್ಕ್ ಚಮಚಕ್ಕೆ ತಳ್ಳುವುದಕ್ಕೆ ಮಾತ್ರ, ಬಾಯಿಗೆ ಹೋಗುವುದು ಚಮಚ. ಕಡ್ಡಿ ಏನಿದ್ದರೂ ನೂಡಲ್ಸ್‌ಗೆ.

ಕೈಯಲ್ಲಿ ತಿನ್ನುವ ಕಡೆ, ಅಂದರೆ ಇಥಿಯೋಪಿಯಾ, ಮೊರಾಕೊ, ಅರಬ್ ದೇಶಗಳಲ್ಲಿ, ಬಲಗೈ ಮಾತ್ರ. ಒಂದೇ ದೊಡ್ಡ ತಟ್ಟೆಯಿಂದ ಎಲ್ಲರೂ ತಿನ್ನುವಾಗ ನಿಮ್ಮ ಎದುರಿನ ಭಾಗದಿಂದಷ್ಟೇ ತೆಗೆದುಕೊಳ್ಳಿ. ನಡುವಿನ ಮಾಂಸದ ತುಂಡಿಗೆ ಕೈ ಚಾಚಬೇಡಿ, ಮನೆಯವರೇ ಮುರಿದು ನಿಮ್ಮ ಕಡೆ ತಳ್ಳುತ್ತಾರೆ.

ಯುರೋಪಿನಲ್ಲಿ ಚಾಕು ಫೋರ್ಕ್ ಮಾತಾಡುತ್ತವೆ. ತಟ್ಟೆಯಲ್ಲಿ ಎರಡನ್ನೂ ಒಟ್ಟಿಗೆ ಜೋಡಿಸಿಟ್ಟರೆ ಮುಗಿಯಿತು ಅಂತ, ದೂರ ದೂರ ಇಟ್ಟರೆ ಇನ್ನೂ ತಿನ್ನುತ್ತಿದ್ದೇನೆ ಅಂತ. ಇದು ಗೊತ್ತಿಲ್ಲದೆ ಜೋಡಿಸಿಟ್ಟರೆ ಅರ್ಧ ತಿಂದ ತಟ್ಟೆ ಎತ್ತಿಕೊಂಡು ಹೋಗಿಬಿಡುತ್ತಾರೆ.

ಇನ್ನು ಇಟಲಿಯ ಊಟದ ನಿಯಮಗಳ ಬಗ್ಗೆ ಜನ ಅನಗತ್ಯವಾಗಿ ಹೆದರುತ್ತಾರೆ. ಸ್ಪಗೆಟಿ ಕತ್ತರಿಸಬಾರದು, ಮೀನಿನ ಪಾಸ್ತಾಗೆ ಚೀಸ್ ಕೇಳಬಾರದು, ಕಪುಚಿನೊ ಬೆಳಗ್ಗೆ ಮಾತ್ರ. ಇವೆಲ್ಲ ನಿಜ. ಆದರೆ ಮಧ್ಯಾಹ್ನ ಕಪುಚಿನೊ ಕುಡಿಯಬೇಕು ಅನಿಸಿದರೆ ಕುಡಿಯಿರಿ, ಮಾಡಿಕೊಡುತ್ತಾರೆ. ಊಟದ ಜೊತೆಗೆ ಮಾತ್ರ ಕೇಳಬೇಡಿ.

6. ಕುಡಿಯುವಾಗ

ಜಪಾನ್, ಕೊರಿಯಾಗಳಲ್ಲಿ ನಿಮ್ಮ ಲೋಟಕ್ಕೆ ನೀವೇ ಸುರಿದುಕೊಳ್ಳುವುದಿಲ್ಲ. ಪಕ್ಕದವರದು ನೀವು ತುಂಬಿಸಿ, ನಿಮ್ಮದು ಅವರು ತುಂಬಿಸುತ್ತಾರೆ. ಕೊರಿಯಾದಲ್ಲಿ ಹಿರಿಯರು ಸುರಿದರೆ ಎರಡು ಕೈಯಲ್ಲಿ ಲೋಟ ಹಿಡಿಯಿರಿ, ಕುಡಿಯುವಾಗ ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ. ಚೀನಾದಲ್ಲಿ ಲೋಟ ತಾಗಿಸುವಾಗ ದೊಡ್ಡವರ ಲೋಟಕ್ಕಿಂತ ನಿಮ್ಮದು ಸ್ವಲ್ಪ ಕೆಳಗಿರಲಿ. ಜರ್ಮನಿಯಲ್ಲಿ ಲೋಟ ತಾಗಿಸುವಾಗ ಕಣ್ಣಲ್ಲಿ ಕಣ್ಣಿಡಬೇಕು. ಬ್ರಿಟನ್, ಐರ್ಲೆಂಡ್‌ಗಳಲ್ಲಿ ಸರದಿ ಪದ್ಧತಿ: ಒಬ್ಬರು ಎಲ್ಲರಿಗೂ ಕೊಡಿಸುತ್ತಾರೆ, ಮುಂದಿನ ಸಲ ಇನ್ನೊಬ್ಬರು. ನಿಮ್ಮ ಸರದಿ ಬಂದಾಗ ಜಾರಿಕೊಂಡರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮರೆಯುವುದೂ ಇಲ್ಲ.

ಜಾರ್ಜಿಯಾದಲ್ಲಿ ದೊಡ್ಡ ಊಟಕ್ಕೆ 'ತಮಾದಾ' ಅಂತ ಒಬ್ಬರು ಯಜಮಾನಿಕೆ ವಹಿಸುತ್ತಾರೆ. ಶಾಂತಿಗೆ, ತೀರಿಕೊಂಡವರಿಗೆ, ಮಕ್ಕಳಿಗೆ, ಅತಿಥಿಗಳಿಗೆ ಅಂತ ಒಂದೊಂದಕ್ಕೂ ಮಾತಾಡಿ ಲೋಟ ಎತ್ತಿಸುತ್ತಾರೆ. ನಡುವೆ ನಿಮ್ಮಷ್ಟಕ್ಕೆ ನೀವು ವೈನ್ ಗುಟುಕರಿಸಬೇಡಿ, ಮಾತು ಮುಗಿಯುವವರೆಗೆ ಕಾಯಿರಿ.

ಮದ್ಯ ಬೇಡದವರು ಮೊದಲ ಸುತ್ತಿಗೇ ಹೇಳಿಬಿಡಿ. ಅರ್ಧದಲ್ಲಿ ಹೇಳುವುದಕ್ಕಿಂತ ಅದು ಸುಲಭ. ಖಾಲಿ ಲೋಟ ಬಿಟ್ಟು ಜ್ಯೂಸೋ ಚಹಾವೋ ತುಂಬಿಸಿಟ್ಟುಕೊಳ್ಳಿ, ಎಲ್ಲರ ಜೊತೆ ಅದನ್ನೇ ಎತ್ತಿ.

7. ಸಾಕು ಅನ್ನುವುದು ಹೇಗೆ

ಕೊಲ್ಲಿ ದೇಶಗಳ ಮನೆಗಳಲ್ಲಿ ಕೊಡುವ ಅರಬ್ ಕಾಫಿಯಿಂದ ಶುರು ಮಾಡೋಣ. ಏಲಕ್ಕಿ ಹಾಕಿದ, ತಿಳಿ ಬಣ್ಣದ, ಸಕ್ಕರೆ ಇಲ್ಲದ ಕಾಫಿ. ಕೊಡುವವರು ಉದ್ದ ಮೂತಿಯ ಕಾಫಿ ಹೂಜಿ 'ದಲ್ಲಾ'ವನ್ನು ಎಡಗೈಯಲ್ಲಿ ಹಿಡಿದು, ಹಿಡಿಕೆ ಇಲ್ಲದ ಪುಟ್ಟ ಬಟ್ಟಲನ್ನು ಬಲಗೈಯಲ್ಲಿ ಕೊಡುತ್ತಾರೆ. ಬಟ್ಟಲ ತಳದಲ್ಲಿ ಸ್ವಲ್ಪವೇ ಇರುತ್ತದೆ. ಜಿಪುಣತನ ಅಲ್ಲ, ಮತ್ತೆ ಮತ್ತೆ ಬಿಸಿಯಾಗಿ ಕೊಡಲಿಕ್ಕೆ ಹಾಗೆ. ನೀವು ಕುಡಿದು ಬಟ್ಟಲು ಚಾಚಿದರೆ ಮತ್ತೆ ಬೀಳುತ್ತದೆ. ಬಾಯಲ್ಲಿ ಬೇಡ ಅಂದರೆ ಸಂಕೋಚ ಅಂದುಕೊಂಡು ಮತ್ತೆ ಸುರಿಯಬಹುದು. ಖಾಲಿ ಬಟ್ಟಲನ್ನು ಬೆರಳ ತುದಿಯಲ್ಲಿ ಹಿಡಿದು ಮಣಿಕಟ್ಟಿನಿಂದ ಎರಡು ಮೂರು ಸಲ ಅತ್ತಿತ್ತ ಅಲ್ಲಾಡಿಸಿ ವಾಪಸ್ ಕೊಡಿ. ಆಯಿತು. ಒಂದೂ ಕುಡಿಯದೆ ಬೇಡ ಅನ್ನಬೇಡಿ, ಮೂರಕ್ಕಿಂತ ಹೆಚ್ಚು ಕುಡಿಯುವ ಅಗತ್ಯವೂ ಇಲ್ಲ.

ಟರ್ಕಿಯಲ್ಲಿ ನಡು ಸಣ್ಣಗಿರುವ ಗಾಜಿನ ಲೋಟದಲ್ಲಿ ಚಹಾ ಕೊಡುತ್ತಾರೆ. ಸಾಕಾದರೆ ಚಮಚವನ್ನು ಲೋಟದ ಬಾಯಿಯ ಮೇಲೆ ಅಡ್ಡ ಇಡಿ. ಕ್ಯಾಂಟನ್ ಕಡೆಯ ಚೀನೀ ಹೋಟೆಲುಗಳಲ್ಲಿ ಚಹಾ ಹೂಜಿಯ ಮುಚ್ಚಳ ಓರೆಯಾಗಿ ತೆರೆದಿಟ್ಟರೆ ಬಿಸಿನೀರು ಬೇಕು ಅಂತ. ಯಾರಾದರೂ ನಿಮ್ಮ ಬಟ್ಟಲಿಗೆ ಚಹಾ ಸುರಿದರೆ ಎರಡು ಬೆರಳಿಂದ ಮೇಜಿಗೆ ಮೆಲ್ಲಗೆ ತಟ್ಟಿದರೆ ಅದೇ ಧನ್ಯವಾದ.

ಅರ್ಜೆಂಟೀನಾ, ಉರುಗ್ವೆಗಳಲ್ಲಿ ಚಹಾದ ಹಾಗೆ ಕುಡಿಯುವ 'ಮಾತೆ' ಬಗ್ಗೆ ತಿಳಿಯದವರು ಎಡವುವುದು ಒಳ್ಳೆಯ ನಡತೆಯಿಂದಲೇ. ಒಂದೇ ಸೋರೆ ಬುರುಡೆ, ಒಂದೇ ಲೋಹದ ಕೊಳವೆ. ಒಬ್ಬರು ಒಣ ಎಲೆಪುಡಿ ತುಂಬಿ, ಕುದಿಯುವ ಮುಂಚೆಯೇ ಇಳಿಸಿದ ಬಿಸಿನೀರು ಹಾಕಿ ಮೊದಲದ್ದನ್ನು ತಾವೇ ಕುಡಿದು, ಮತ್ತೆ ತುಂಬಿಸಿ ನಿಮಗೆ ಕೊಡುತ್ತಾರೆ. ಪೂರ್ತಿ ಕುಡಿಯಬೇಕು, ತಳ ಹತ್ತಿ ಗೊರಗೊರ ಸದ್ದು ಬರುವವರೆಗೆ. ಕುಡಿದು ಅವರ ಕೈಗೇ ವಾಪಸ್ ಕೊಡಬೇಕು, ಪಕ್ಕದವರಿಗೆ ಅಲ್ಲ. ಕೊಳವೆಯನ್ನು ತಿರುಗಿಸಬೇಡಿ, ಎಲೆಪುಡಿ ಕದಡಿ ಕಟ್ಟಿಕೊಳ್ಳುತ್ತದೆ. ಅಭ್ಯಾಸಬಲದಿಂದ ವಾಪಸ್ ಕೊಡುವಾಗ 'ಗ್ರಾಸಿಯಾಸ್' (ಧನ್ಯವಾದ) ಅಂತ ಹೇಳಿದರೆ ಮುಂದಿನ ಸುತ್ತಿನಲ್ಲಿ ನಿಮ್ಮನ್ನು ಬಿಟ್ಟುಬಿಡುತ್ತಾರೆ, ಏಕೆಂದರೆ ಅಲ್ಲಿ ಆ ಮಾತು ಸಾಕು ಅನ್ನುವುದಕ್ಕೆ. ಇನ್ನೂ ಬೇಕಾದರೆ ಸುಮ್ನೆ ನಕ್ಕು ಕೊಡಿ. ಒಂದೇ ಕೊಳವೆ ಎಲ್ಲರ ಬಾಯಿಗೂ ಹೋಗುವುದು ನಿಮಗೆ ಒಗ್ಗದಿದ್ದರೆ ಮೊದಲೇ ಬೇಡ ಅನ್ನಿ, ಕೊಟ್ಟ ಮೇಲೆ ಒರೆಸಿ ಕುಡಿಯಬೇಡಿ.

ಇರಾನಿನಲ್ಲಿ 'ತಾರೋಫ್' ಅಂತ ಒಂದು ಪದ್ಧತಿ ಇದೆ. ಅವರು ಕೊಡುತ್ತಾರೆ, ನೀವು ಬೇಡ ಅನ್ನುತ್ತೀರಿ, ಅವರು ಒತ್ತಾಯಿಸುತ್ತಾರೆ, ನೀವು ಮತ್ತೆ ಬೇಡ ಅನ್ನುತ್ತೀರಿ. ಎರಡು ಮೂರು ಸಲ ಆದ ಮೇಲೂ ಕೊಟ್ಟರೆ ಅದು ಮನಸ್ಸಿಂದ ಕೊಟ್ಟದ್ದು, ತೆಗೆದುಕೊಳ್ಳಿ. ಅಂಗಡಿಯವರೂ ಟ್ಯಾಕ್ಸಿಯವರೂ ದುಡ್ಡು ಬೇಡ ಅನ್ನಬಹುದು. ಅಲ್ಲಿ ಮಾತ್ರ ಕೊಟ್ಟೇ ಹೋಗಬೇಕು.

ಇಥಿಯೋಪಿಯಾದಲ್ಲಿ ಇಂಜೆರಾದಲ್ಲಿ ಪಲ್ಯ ಸುತ್ತಿ ನಿಮ್ಮ ಬಾಯಿಗೇ ತುತ್ತು ಇಡುತ್ತಾರೆ, ಅದು 'ಗುರ್ಶಾ'. ದೊಡ್ಡ ತುತ್ತಾದಷ್ಟೂ ಪ್ರೀತಿ ಜಾಸ್ತಿ ಅಂತ ಲೆಕ್ಕ. ಬಾಯಿ ತೆರೆಯಿರಿ, ಬೇಡ ಅನ್ನಬೇಡಿ. ಆಮೇಲೆ ಕಾಫಿ. ಹಸಿ ಬೀಜವನ್ನು ನಿಮ್ಮೆದುರೇ ಹುರಿದು, ಹೊಗೆಯ ಘಮ ನಿಮ್ಮ ಕಡೆ ಬೀಸಿ, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಮೂರು ಸುತ್ತು, ಒಂದಕ್ಕಿಂತ ಒಂದು ತೆಳು. ಮೂರನೆಯದು 'ಬೆರೆಕಾ', ಅಂದರೆ ಆಶೀರ್ವಾದದ ಸುತ್ತು. ಅದಕ್ಕೆ ಮುಂಚೆ ಏಳುವುದು ಚೆನ್ನಾಗಿರುವುದಿಲ್ಲ, ಹಾಗಾಗಿ ಕಾಫಿಗೆ ಕರೆದರೆ ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ತಟ್ಟೆಯೂ ಮಾತಾಡುತ್ತದೆ. ಜಪಾನಿನಲ್ಲಿ ಒಂದು ಅಗುಳೂ ಬಿಡದೆ ತಿಂದರೆ ಅಡುಗೆಯವರಿಗೆ ಖುಷಿ. ಚೀನಾದಲ್ಲಿ ಊಟಕ್ಕೆ ಕರೆದವರ ಮೇಜಿನಲ್ಲಿ ಎಲ್ಲ ತಟ್ಟೆ ಖಾಲಿಯಾದರೆ ಕಡಿಮೆಯಾಯಿತೇನೋ ಅಂತ ಅವರು ಇನ್ನೂ ತರಿಸಬಹುದು. ಸ್ವಲ್ಪ ಉಳಿಸಿ.

8. ಬಿಲ್ ಮತ್ತು ಟಿಪ್ಸ್

ಸ್ಪೇನ್, ಇಟಲಿ, ಫ್ರಾನ್ಸ್‌ಗಳಲ್ಲಿ ನೀವು ಕೇಳುವವರೆಗೆ ಬಿಲ್ ಬರುವುದಿಲ್ಲ. ಮರೆತಿದ್ದಾರೆ ಅಂತಲ್ಲ, ಎದ್ದೇಳಿ ಅಂತ ಹೇಳಿದ ಹಾಗಾಗುತ್ತದೆ ಅಂತ. ಅಮೆರಿಕದಲ್ಲಿ ತಿನ್ನುವುದು ಮುಗಿಯುವ ಹೊತ್ತಿಗೇ ತಂದಿಡುತ್ತಾರೆ, ಅದರಲ್ಲೂ ಒರಟುತನ ಇಲ್ಲ.

ಅಮೆರಿಕದ ಮೆನುವಿನಲ್ಲಿ ಕಾಣುವ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಅದರ ಮೇಲೆ ಟಿಪ್ಸ್ 15ರಿಂದ 20 ಪರ್ಸೆಂಟ್. ಇದನ್ನು ಇಷ್ಟವಿದ್ದರೆ ಕೊಡುವ ಹಣ ಅಂದುಕೊಳ್ಳಬೇಡಿ. ಟಿಪ್ಸ್ ಸಿಗುವ ಕೆಲಸಗಾರರಿಗೆ ಅಲ್ಲಿಯ ಕೇಂದ್ರ ಕಾನೂನಿನ ಪ್ರಕಾರ ಮಾಲೀಕರು ನೇರವಾಗಿ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್ ಮಾತ್ರ. ಕೆಲವು ರಾಜ್ಯಗಳಲ್ಲಿ ಜಾಸ್ತಿ ಇದೆ, ಆದರೆ ಬಹಳ ಕಡೆ ಬಡಿಸುವವರ ಸಂಬಳವೇ ನಿಮ್ಮ ಟಿಪ್ಸ್. ಜಪಾನಿನಲ್ಲಿ ಟಿಪ್ಸ್ ಇಲ್ಲ, ಮೇಜಿನ ಮೇಲೆ ಬಿಟ್ಟು ಬಂದರೆ ಮರೆತಿರಿ ಅಂತ ಓಡಿ ಬಂದು ವಾಪಸ್ ಕೊಡುತ್ತಾರೆ. ಕೊರಿಯಾದಲ್ಲೂ ಬೇಕಿಲ್ಲ. ಫ್ರಾನ್ಸಿನಲ್ಲಿ ಸೇವೆಯ ಹಣ ಬೆಲೆಯಲ್ಲೇ ಸೇರಿದೆ, ಚಿಲ್ಲರೆ ಬಿಟ್ಟರೆ ನಿಮ್ಮ ಖುಷಿ. ಜರ್ಮನಿಯಲ್ಲಿ ಬಿಲ್ 27 ಯೂರೋ ಆದರೆ ದುಡ್ಡು ಕೊಡುವಾಗಲೇ 'ಮೂವತ್ತು' ಅಂತ ಬಾಯಲ್ಲಿ ಹೇಳಬೇಕು, ಚಿಲ್ಲರೆ ಅದಕ್ಕೆ ತಕ್ಕ ಹಾಗೆ ಕೊಡುತ್ತಾರೆ. ಒಟ್ಟಿಗೋ ಬೇರೆ ಬೇರೆಯೋ ಅಂತ ಅವರೇ ಕೇಳುತ್ತಾರೆ. ಚೀನಾದಲ್ಲಿ ಕರೆದವರು ಕೊಡುತ್ತಾರೆ. ನೀವೂ ಒಂದೆರಡು ಸಲ ಕೈ ಚಾಚಿ, ಆಮೇಲೆ ಬಿಟ್ಟುಕೊಟ್ಟು ಮುಂದಿನ ಊಟಕ್ಕೆ ನೀವು ಕರೆಯಿರಿ.

ಉಳಿದದ್ದನ್ನು ಕಟ್ಟಿಸಿಕೊಳ್ಳುವುದು ಅಮೆರಿಕದಲ್ಲಿ ದಿನನಿತ್ಯದ ಮಾತು. ಫ್ರಾನ್ಸಿನಲ್ಲಿ ಮೊದಲು ಜನ ಮುಜುಗರಪಡುತ್ತಿದ್ದರು, 2021ರ ಜುಲೈಯಿಂದ ಕೇಳಿದವರಿಗೆ ಡಬ್ಬಿ ಕೊಡಲೇಬೇಕು ಅಂತ ಕಾನೂನೇ ಬಂದಿದೆ. ಜಪಾನಿನಲ್ಲಿ ಆಹಾರ ಕೆಟ್ಟು ಯಾರಿಗಾದರೂ ತೊಂದರೆಯಾದೀತು ಅಂತ ಎಷ್ಟೋ ಹೋಟೆಲುಗಳು ಒಪ್ಪುವುದಿಲ್ಲ, ಅಲ್ಲಿ ಕಡಿಮೆ ಹೇಳಿ, ಸಾಲದಿದ್ದರೆ ಮತ್ತೆ ತರಿಸಿ. ಜರ್ಮನಿಯಲ್ಲಿ ಕೊಂಡ ಪ್ಲಾಸ್ಟಿಕ್ ಬಾಟಲಿ, ಕ್ಯಾನ್‌ಗಳನ್ನು ಬಿಸಾಡಬೇಡಿ. ಹೆಚ್ಚಿನವಕ್ಕೆ 25 ಸೆಂಟ್ ಠೇವಣಿ ಸೇರಿಸಿ ತೆಗೆದುಕೊಂಡಿರುತ್ತಾರೆ. ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಗಲ್ಲಾದಲ್ಲಿ ಕೊಟ್ಟರೆ ದುಡ್ಡು ವಾಪಸ್.